ಸೀಲುಗಳು ಸುಸ್ಥಿತಿಯಲ್ಲಿವೆ

ಕೆಳಗಿನ ಮನೆಯ ಚಂದನಾಗೆ ಕಸ್ಟಮ್ಸ್ ಇನ್‌ಸ್ಪೆಕ್ಟರ್ ಕೆಲಸ ಸಿಕ್ಕಿದೆ. ಕರಾವಳಿಯ ಒಂದು ಬಂದರಿಗೆ ಹಾಕಿದ್ದಾರೆ. ಚಾಮರಾಜಪುರಂನ ಈ ಮನೆಯಲ್ಲಿ ನಾನು ಮಹಡಿಯ ಮೇಲೆ, ಅವರು ಕೆಳಗೆ. ಅವಳು ಪರೀಕ್ಷೆಗೆಂದು ಉರು ಹೊಡೆಯುತ್ತಿದ್ದ ಕಾಯ್ದೆಯ ಕಲಮುಗಳು ಕಿಟಕಿಯಿಂದ ಮೇಲೇರಿ ಬಂದು ನನ್ನ ಮಧ್ಯಾಹ್ನದ ನಿದ್ದೆ ಕೆಡಿಸುತ್ತಿದ್ದವು. ನಿವೃತ್ತಿಯಾದ ಮೇಲೂ ಇವು ಬಿಡಲಿಲ್ಲವಲ್ಲ ಎಂದು ಮಗ್ಗುಲು ಬದಲಿಸುತ್ತಿದ್ದೆ. ಮೊನ್ನೆ ಸಿಹಿಯ ಡಬ್ಬ ಹಿಡಿದು ಮೇಲೆ ಬಂದಳು.

"ಅಂಕಲ್, ಕೆಲಸ ನಿಜವಾಗ್ಲೂ ಹೆಂಗಿರುತ್ತೆ ಅಂತ ಬರೆದುಕೊಡಿ. ಪುಸ್ತಕದಲ್ಲಿರೋದು ಬೇಡ."

"ನನ್ನ ನೆನಪು ಈಗ ಸರಿ ಇಲ್ಲ ಕಣಮ್ಮ."

"ಸರಿ ಇಲ್ದೇ ಇರೋದನ್ನೇ ಬರೀರಿ."

ಅದಕ್ಕೆ ಕೂತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದನ್ನು ಬಿಡುತ್ತೇನೆ. ಏರಿದಾಗಲೆಲ್ಲ ಕುರ್ಚಿಯ ಬೆನ್ನು ಎತ್ತರವಾಯಿತು, ನನ್ನ ಬೆನ್ನುನೋವು ಹಾಗೇ ಇತ್ತು. ಒಂದೇ ಒಂದು ಹಾಯಿದೋಣಿಯ ಸಂಗತಿ ಬರೆಯುತ್ತೇನೆ. ಅದು ಇಲಾಖೆಯಲ್ಲಿ ಈಗಲೂ ಓಡಾಡುತ್ತಿರುವ ಕಥೆ. ಚಂದನಾ ಸೇರಿದ ಮೊದಲ ವಾರವೇ ಯಾರಾದರೂ ಚಹಾ ಕುಡಿಯುತ್ತ ಹೇಳುತ್ತಾರೆ. ಅವರು ಹೇಳುವ ಕಥೆಗೆ ಒಳ್ಳೆಯ ಕೊನೆ ಇದೆ. ನಾನು ನೋಡಿದ್ದಕ್ಕೆ ಇಲ್ಲ. ಅವಳು ಎರಡನ್ನೂ ಕೇಳಲಿ.

ಮೊದಲು ಹಾಯಿದೋಣಿಗಳ ಬಗ್ಗೆ. ಮೈಸೂರಿನವನಿಗೆ ನೀರು ಎಂದರೆ ಕುಕ್ಕರಹಳ್ಳಿ ಕೆರೆ, ಅದರ ಸುತ್ತ ವಾಕಿಂಗು. ಈಜು ಬಾರದ ನನ್ನನ್ನು ಹಡಗು ಹತ್ತಿ ತಪಾಸಣೆ ಮಾಡುವ ವಿಭಾಗಕ್ಕೆ ಹಾಕಿದರು. ಅದಿರಿನ ಹಡಗುಗಳಿಗೆ ಹಗ್ಗದ ಏಣಿ ಹತ್ತುತ್ತ ಹತ್ತುತ್ತ ಕೆಳಗೆ ನೋಡದಿರುವುದನ್ನು ಕಲಿತೆ. ಇಪ್ಪತ್ತು ಮಂದಿ ನಾವಿಕರು, ಉಕ್ಕಿನ ಗೋಡೆ, ಕ್ಯಾಪ್ಟನ್ನನ ಕೋಣೆಯಲ್ಲಿ ಕಾಫಿ. ಅದಕ್ಕೆಲ್ಲ ಒಂದು ಕ್ರಮವಿತ್ತು. ಆದರೆ ವರ್ಷಕ್ಕೆ ಒಂದೋ ಎರಡೋ ವಿದೇಶಿ ಹಾಯಿದೋಣಿ ದಾರಿ ತಪ್ಪಿಯೋ ಕೆಟ್ಟುಹೋಗಿಯೋ ನಮ್ಮ ಬಂದರಿಗೆ ಬರುತ್ತಿತ್ತು. ಕಂಬದ ಮೇಲೆ ಒಂದು ಹಳದಿ ಬಾವುಟ. ನಾನಿನ್ನೂ ನಿಮ್ಮ ದೇಶದೊಳಗೆ ಬಂದಿಲ್ಲ, ಬಂದು ನೋಡಿ ಅನುಮತಿ ಕೊಡಿ ಎಂದು ಅದರ ಅರ್ಥ. ನಾವು ಹೋಗಿ ನೋಡುವವರೆಗೆ ಅವರು ನೆಲಕ್ಕೆ ಕಾಲಿಡುವಂತಿಲ್ಲ.

ನಮ್ಮ ನಮೂನೆಗಳೆಲ್ಲ ದೊಡ್ಡ ಹಡಗಿನವು. ಸರಕು ಎಷ್ಟು ಟನ್, ಕ್ರೇನ್ ಎಷ್ಟು, ಏಜೆಂಟ್ ಯಾರು. ಹಾಯಿದೋಣಿಯವರು ಪ್ರತಿ ಗೆರೆಯ ಮೇಲೂ 'ಇಲ್ಲ' ಎಂದು ಬರೆದು ಬರೆದು ಕೈ ನೋಯಿಸಿಕೊಳ್ಳುತ್ತಿದ್ದರು. ಮತ್ತೊಂದು ಕಷ್ಟ ಶೂ. ಅವರ ದೋಣಿಯ ಮರದ ನೆಲಕ್ಕೆ ಗೀರು ಬೀಳುತ್ತದೆಂದು ಶೂ ಬಿಚ್ಚಿ ಎನ್ನುತ್ತಿದ್ದರು. ಬಿಳಿ ಸಮವಸ್ತ್ರ, ಹೆಗಲ ಮೇಲೆ ಪಟ್ಟಿ, ಕೆಳಗೆ ಹೆಬ್ಬೆರಳು ಇಣುಕುವ ಕಾಲುಚೀಲ. ದೇವಸ್ಥಾನಕ್ಕೆ ಬಂದವರಂತೆ ನಿಂತು ನಾವು ಕೇಳುತ್ತಿದ್ದದ್ದು: ಮದ್ಯ ಎಷ್ಟಿದೆ?

ಇಂಗ್ರಿಡ್ ಬಂದದ್ದು ಮೇ ತಿಂಗಳ ಮಧ್ಯದಲ್ಲಿ. ಡೆನ್ಮಾರ್ಕಿನವರು, ಅರವತ್ತು ದಾಟಿದ ಹೆಂಗಸು, ಒಬ್ಬರೇ. ಮನೆ ಮಾರಿ ದೋಣಿಯಲ್ಲಿ ಬದುಕುತ್ತಿದ್ದರು. ಊರಿನಲ್ಲಿ ಅವರದೆಂದು ಇನ್ನೇನೂ ಇರಲಿಲ್ಲ. ದಕ್ಷಿಣದಲ್ಲಿ ಹಿನ್ನೀರಿನೊಳಗೆ ಮರೆಯಾಗಿರುವ ಒಂದು ಬಂದರನ್ನು ಮಳೆಗಾಲಕ್ಕೆ ಮೊದಲು ಸೇರಿಕೊಳ್ಳಬೇಕೆಂದು ಹೊರಟಿದ್ದರು. ದಾರಿಯಲ್ಲಿ ಎಂಜಿನ್ನಿಗೂ ನೀರೊಳಗೆ ತಿರುಗುವ ಪಂಖಕ್ಕೂ ನಡುವಿನ ಕಬ್ಬಿಣದ ಜೋಡಣೆ ಬಿರುಕುಬಿಟ್ಟಿತು. ಕಪ್ಲಿಂಗ್ ಎನ್ನುತ್ತಾರೆ, ಅಂಗೈಯಗಲದ ಬಿಲ್ಲೆ. ಹಾಯಿ ಇದ್ದರೂ, ಎಂಜಿನ್ ಇಲ್ಲದ ದೋಣಿಯನ್ನು ನಮ್ಮ ಬಂದರಿನ ಇಕ್ಕಟ್ಟಾದ ಬಾಯಿಯಿಂದ ಹೊರಗೆ ಬಿಡುವುದಿಲ್ಲ.

ಇಷ್ಟು ತಿಳಿದಿರಬೇಕು: ಮುಂಗಾರು ಬಂದರೆ ಬಂದರಿನ ಕಂಬದ ಮೇಲೆ ಎಚ್ಚರಿಕೆಯ ಗುರುತು ಏರುತ್ತದೆ. ಅದು ಏರಿದ ಮೇಲೆ ಸಣ್ಣ ದೋಣಿಗೆ ಹೊರಡುವ ಅನುಮತಿ ಇಲ್ಲ. ಆಕೆಯ ದೋಣಿಗೆ ಸಿಕ್ಕಿದ್ದು ಬಂದರಿನ ಬಾಯಿಯ ಪಕ್ಕದಲ್ಲಿ ದೋಣಿ ಕಟ್ಟುವ ಹಳೇ ಧಕ್ಕೆ. ಮಳೆಗಾಲದಲ್ಲಿ ಅಲ್ಲಿ ಅಲೆ ಕಲ್ಲಿನ ಗೋಡೆಗೆ ಬಡಿಯುತ್ತದೆ. ಗುರುತು ಏರುವ ಮೊದಲು ಹೊರಟರೆ ದೋಣಿ ಉಳಿಯುತ್ತದೆ. ಇಲ್ಲವಾದರೆ ಇಲ್ಲ. ಇದು ಆಕೆಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ತಪಾಸಣೆಗೆ ದೋಣಿ ಹತ್ತಿದ ದಿನ ನನ್ನ ಜೊತೆ ಹವಾಲ್ದಾರ್ ಪುಟ್ಟಸ್ವಾಮಿ ಇದ್ದ. ಇಲವಾಲದವನು, ಅಷ್ಟು ದೂರದ ಬಂದರಿನಲ್ಲಿ ಇಬ್ಬರೂ ಮೈಸೂರಿನ ಕಡೆಯವರು ಎನ್ನುವುದೊಂದೇ ನಮ್ಮ ಸಲಿಗೆಗೆ ಕಾರಣ. ವಿದೇಶಿ ಹಡಗು ಬಂದರಿನಲ್ಲಿರುವಷ್ಟು ದಿನ ನಮ್ಮವನೊಬ್ಬ ಅದರ ಮೇಲೆ ಕಾವಲಿರಬೇಕು, ಏನೂ ಕೆಳಗಿಳಿಯಬಾರದು. ಹಡಗಿನ ಉದ್ದ ಎಷ್ಟೆಂದು ನಿಯಮ ಕೇಳುವುದಿಲ್ಲ. ಪುಟ್ಟಸ್ವಾಮಿ ದೋಣಿಯ ಈ ತುದಿಯಿಂದ ಆ ತುದಿಗೆ ನೋಡಿದ.

"ಸಾ, ಇದ್ರೊಳಗೆ ಎಂಗ್ ಸಾ ಕಾವಲು ಕಾಯದು? ಕಾಲು ಚಾಚುದ್ರೆ ಆಯಮ್ಮನ ಅಡುಗೆಮನೆ, ಕೈ ಚಾಚುದ್ರೆ ಸಮುದ್ರ."

"ಕೂತ್ಕೊಂಡೇ ಕಾಯಿ."

"ಕೂತ್ರೆ ವಾಂತಿ ಬತ್ತದೆ ಸಾ."

ಬಂತು ಕೂಡ. ಇಂಗ್ರಿಡ್ ಅವನ ತಲೆ ಹಿಡಿದುಕೊಂಡರು, ಆಮೇಲೆ ಶುಂಠಿಯ ಬಿಸ್ಕತ್ತು ಕೊಟ್ಟರು.

ಕಾಗದದ ಕೆಲಸಕ್ಕೆ ಕೂತೆವು. ನಾವಿಕರ ಪಟ್ಟಿಯಲ್ಲಿ ಒಂದೇ ಹೆಸರು. ಕ್ಯಾಪ್ಟನ್ ಯಾರು? ಆಕೆಯೇ. ಮಾಲೀಕರು? ಆಕೆಯೇ. ನಾವಿಕರು ದಡಕ್ಕಿಳಿಯಲು ಕ್ಯಾಪ್ಟನ್ನನ ಅನುಮತಿಪತ್ರ ಬೇಕು ಎಂದೆ. ಆಕೆ ನನ್ನ ಮುಖ ನೋಡಿ, ತಮಾಷೆಯಲ್ಲವೆಂದು ಖಚಿತಪಡಿಸಿಕೊಂಡು, ತಮಗೇ ಅನುಮತಿ ಬರೆದು, ಕೆಳಗೆ ಸಹಿ ಹಾಕಿದರು. "ಈಕೆ ಸಮಯಕ್ಕೆ ಸರಿಯಾಗಿ ಹಿಂತಿರುಗುತ್ತಾಳೆ, ನಾನು ಬಲ್ಲೆ" ಎಂದು ಒಂದು ಸಾಲು ಸೇರಿಸಿದ್ದರು ಎಂದು ನನ್ನ ನೆನಪು. ಈ ಸಾಲು ತೀರಾ ಚೆನ್ನಾಗಿದೆ. ಚೆನ್ನಾಗಿರುವುದನ್ನೆಲ್ಲ ಈಗ ಅನುಮಾನಿಸುತ್ತೇನೆ.

ಆಮೇಲೆ ಸೀಲು. ದೋಣಿಯಲ್ಲಿ ಉಪಗ್ರಹ ಫೋನು ಇತ್ತು. ನಮ್ಮ ದೇಶದಲ್ಲಿ ಅಪ್ಪಣೆಯಿಲ್ಲದೆ ಅದನ್ನು ಬಳಸುವಂತಿಲ್ಲ; ಬಂದರಿನಲ್ಲಿರುವಷ್ಟು ದಿನ ಅದನ್ನೂ ಮದ್ಯದ ಬಾಟಲಿಗಳನ್ನೂ ಒಂದು ಕಪಾಟಿನಲ್ಲಿಟ್ಟು ಸೀಲು ಹಾಕಬೇಕು. ಫೋನು ಇದ್ದುದರಿಂದ ನಮ್ಮ ಸೀಲಿನ ಪಕ್ಕ ಪೊಲೀಸರ ಸೀಲೂ ಬಿತ್ತು. ತಂತಿ ಪೋಣಿಸಿ, ಸೀಸದ ಗುಂಡಿಗೆ ಇಕ್ಕಳ ಒತ್ತಿ, ಎಳೆದು ನೋಡುವುದು. ಆ ಕೆಲಸ ನನ್ನ ಕೈಗೆ ಚೆನ್ನಾಗಿ ಹತ್ತಿತ್ತು. ದೋಣಿಯಲ್ಲಿ ಮೂರೋ ನಾಲ್ಕೋ ಕಪಾಟುಗಳಿದ್ದವು. ಮೆಟ್ಟಿಲಿನ ಕೆಳಗಿನದನ್ನು ಆರಿಸಿದೆ, ಏಕೆಂದರೆ ಅದಕ್ಕೆ ತಂತಿ ಪೋಣಿಸಲು ಗಟ್ಟಿಯಾದ ಹಿತ್ತಾಳೆಯ ಬಳೆ ಇತ್ತು. ಆಕೆ ಏನೋ ಹೇಳಿದರು. ಸೀಲು ಹಾಕುವಾಗ ಎಲ್ಲರೂ ಏನಾದರೂ ಹೇಳುತ್ತಾರೆ: ಔಷಧಿ ಇದೆ, ಮಗುವಿನ ಹಾಲಿನ ಪುಡಿ ಇದೆ, ಅಜ್ಜನ ಫೋಟೋ ಇದೆ. ಹೇಳಿಸಿಕೊಳ್ಳುತ್ತ ಇಕ್ಕಳ ಒತ್ತುವುದು ನಮ್ಮ ಅಭ್ಯಾಸ. "ಬೇಕಾದಾಗ ತೆಗೆಸೋಣ ಮೇಡಂ," ಎಂದೆ. ಸೀಲು ಮುಟ್ಟುವುದಿಲ್ಲ ಎಂಬ ಕಾಗದಕ್ಕೆ ಆಕೆ ಸಹಿ ಹಾಕಿದರು.

ಆ ಕಪಾಟಿನ ಹಿಂದಿನ ಹಲಗೆ ತೆಗೆದರೆ ಎಂಜಿನ್ನು. ಕಪ್ಲಿಂಗ್ ಕೂರಿಸಲು ಬೇರೆ ದಾರಿಯೇ ಇರಲಿಲ್ಲ. ಆಕೆ ಹೇಳಿದ್ದು ಅದನ್ನು.

ಆಗ ಅದು ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಸೀಲು ಬೀಳುವ ಮೊದಲೇ ಬಿಚ್ಚಿದ್ದ ಕಪ್ಲಿಂಗ್ ಮೇಜಿನ ಮೇಲೆ ಕಣ್ಣೆದುರಿಗೇ ಇತ್ತು. ಅದನ್ನು ಊರಿನ ಲೇಥ್ ಅಂಗಡಿಗೆ ಒಯ್ಯಬೇಕು, ಅಷ್ಟೇ ಸಮಸ್ಯೆ ಎಂದುಕೊಂಡೆವು. ನಮ್ಮ ಅಸಿಸ್ಟೆಂಟ್ ಕಮಿಷನರ್ ಶೇಷಾದ್ರಿ ಸಾಹೇಬರ ಮುಂದೆ ಬಿಲ್ಲೆ ಇಟ್ಟೆ.

"ಇದು ದೋಣಿಯಲ್ಲಿದ್ದಾಗ ಏನು?"

"ದೋಣಿಯ ಭಾಗ ಸಾರ್."

"ಗೇಟು ದಾಟಿದರೆ?"

"ರಿಪೇರಿಗೆ ಹೋದ ಕಬ್ಬಿಣದ ತುಂಡು."

"ಅಲ್ಲ ರೀ. ಗೇಟು ದಾಟಿದರೆ ಅದು ಆಮದು. ಆಮದು ಅಂದಮೇಲೆ ಕಾಗದ ಎಲ್ಲಿ?"

"ವಾಪಸ್ ಬರುತ್ತಲ್ಲ ಸಾರ್."

"ಆಗ ಅದು ರಫ್ತು. ಅದಕ್ಕೆ ಕಾಗದ ಎಲ್ಲಿ?"

ಶೇಷಾದ್ರಿ ಕೆಟ್ಟವರಲ್ಲ. ಹಿಂದೆ ಬೇರೆ ಊರಿನಲ್ಲಿ ಯಾರದೋ ಕಷ್ಟ ನೋಡಿ ತಮ್ಮ ಜವಾಬ್ದಾರಿಯ ಮೇಲೆ ಏನನ್ನೋ ಬಿಟ್ಟುಕೊಟ್ಟು, ಅದಕ್ಕೆ ವರ್ಷಗಟ್ಟಲೆ ಉತ್ತರ ಬರೆದವರು. ಆಮೇಲೆ ಅವರ ಸಹಿ ದಿನೇ ದಿನೇ ಚಿಕ್ಕದಾಗುತ್ತ ಬಂತು. ಯಾವ ಫೈಲಿನ ಮೇಲೂ ಹೌದು ಅಲ್ಲ ಎಂದು ಬರೆಯುತ್ತಿರಲಿಲ್ಲ. 'ಚರ್ಚಿಸಿ' ಎಂದು ಬರೆಯುತ್ತಿದ್ದರು. ಹೋಗಿ ಚರ್ಚಿಸಿದರೆ, "ಬರೆದು ತನ್ನಿ," ಎನ್ನುತ್ತಿದ್ದರು.

ಚಂದನಾ, ನಿನ್ನ ಕಾಲದಲ್ಲಿ ಇದೆಲ್ಲ ಕಂಪ್ಯೂಟರಿನಲ್ಲಿ ಆಗುತ್ತದೆ. ಒಂದು ಗುಂಡಿ ಒತ್ತಿದರೆ ಫೈಲು ಮೇಲೆ ಹೋಗುತ್ತದೆ, ಬಣ್ಣ ಬದಲಾಗುತ್ತದೆ, ಯಾರ ಬಳಿ ಕೂತಿದೆ ಎಂದು ಕಾಣುತ್ತದೆ. ಒಳ್ಳೆಯದೇ. ನಾನು ಕೊನೆಯ ವರ್ಷಗಳಲ್ಲಿ ಅದನ್ನೂ ಕಲಿತೆ. ಒಂದು ವ್ಯತ್ಯಾಸ ಮಾತ್ರ ಹೇಳುತ್ತೇನೆ: ಆಗ ಸಾಹೇಬರ ಮುಖ ನೋಡಿ ಫೈಲು ಯಾಕೆ ನಿಂತಿದೆ ಎಂದು ತಿಳಿಯುತ್ತಿತ್ತು. ಈಗ ನಿಂತಿದೆ ಎಂದಷ್ಟೇ ತಿಳಿಯುತ್ತದೆ.

ಕಪ್ಲಿಂಗಿನ ದಾರಿ ಕೊನೆಗೆ ನನಗೇ ಹೊಳೆಯಿತು, ಅಥವಾ ಯಾರೋ ಹೇಳಿದ್ದನ್ನು ನನ್ನದು ಮಾಡಿಕೊಂಡಿದ್ದೇನೆ. ಬಂದರಿನ ಬೇಲಿಯ ಒಳಗೇ, ಹಡಗು ಎಳೆಯುವ ಟಗ್ಗುಗಳ ವರ್ಕ್‌ಶಾಪ್ ಇತ್ತು, ಅಲ್ಲೊಂದು ಲೇಥ್ ಇತ್ತು. ಗೇಟು ದಾಟದಿದ್ದರೆ ಆಮದೂ ಇಲ್ಲ, ರಫ್ತೂ ಇಲ್ಲ. ಶೇಷಾದ್ರಿ ತುಂಬ ಹೊತ್ತು ಯೋಚಿಸಿ, "ಇದನ್ನು ನನಗೆ ಹೇಳಲೇಬೇಡಿ," ಎಂದರು. ಅದು ಅವರ ಅನುಮತಿ. ವರ್ಕ್‌ಶಾಪಿನ ಫಿಟ್ಟರು ಮೊದಲ ಬಿಲ್ಲೆ ಕೆಡಿಸಿದ. ಎರಡನೆಯದು ಕೂರಲಿಲ್ಲ, ತೂತುಗಳು ಒಂದಕ್ಕೊಂದು ಹೊಂದಲಿಲ್ಲ. ನಡುವೆ ಅವನ ಮನೆಯಲ್ಲಿ ನಾಮಕರಣ. ಅಂತೂ ಒಂದು ಶುಕ್ರವಾರ ಸಂಜೆ ಮೂರನೆಯದು ಸರಿಹೋಯಿತು.

ಅಷ್ಟು ದಿನವೂ ಪುಟ್ಟಸ್ವಾಮಿ ದೋಣಿಯಲ್ಲೇ ಕೂತಿದ್ದ. ಪಾಳಿ ಬದಲಾದರೂ ಅವನೇ ಹೋಗಿ ಕೂರುತ್ತಿದ್ದ; ವಾಂತಿ ನಿಂತಿತ್ತು. ಇಬ್ಬರಿಗೂ ಒಂದು ಭಾಷೆಯಿಲ್ಲ. ಆಕೆ ಹಾಯಿ ಹೊಲಿಯುತ್ತಿದ್ದರೆ ಇವನು ದಾರ ಪೋಣಿಸಿ ಕೊಡುತ್ತಿದ್ದ. ಅವನ ಹೆಂಡತಿ ಕಳಿಸಿದ ಚಟ್ನಿಪುಡಿಯನ್ನು ಆಕೆ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ಕಣ್ಣಲ್ಲಿ ನೀರು ಹಾಕಿಕೊಂಡು ತಿನ್ನುತ್ತಿದ್ದರು. ನಾನು ಹೋದಾಗ ಪುಟ್ಟಸ್ವಾಮಿ ಅನುವಾದ ಮಾಡುತ್ತಿದ್ದ, ಆಕೆ ಇನ್ನೂ ಬಾಯಿ ತೆರೆಯುವ ಮೊದಲೇ.

"ಅಮ್ಮಾವ್ರಿಗೆ ಮಳೆ ಭಯ ಸಾ. ದಿನಾ ಬೆಳಿಗ್ಗೆ ಎದ್ದು ಆ ಕಂಬಾನೇ ನೋಡ್ತಾರೆ, ಗುರುತು ಏರುಸ್ಬುಟ್ರಾ ಅಂತ."

ಶುಕ್ರವಾರ ಸಂಜೆ ಬಿಲ್ಲೆ ಹಿಡಿದು ನಾನೇ ಹೋದೆ. ಇಂಗ್ರಿಡ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಆಮೇಲೆ ಮೆಟ್ಟಿಲ ಕೆಳಗಿನ ಕಪಾಟನ್ನು ತೋರಿಸಿ ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ, ಮೊದಲ ದಿನ ಹೇಳಿದ್ದನ್ನೇ ಮತ್ತೆ ಹೇಳಿದರು. ಆಗ ಕೇಳಿಸಿತು.

ನನ್ನ ಸೀಲನ್ನು ಹೇಗಾದರೂ ತೆಗೆಸಬಹುದಿತ್ತು. ಪೊಲೀಸರ ಸೀಲಿಗೆ ಅವರ ಇನ್‌ಸ್ಪೆಕ್ಟರ್ ಬರಬೇಕು. ಅವರು ಯಾರೋ ಮಂತ್ರಿಗಳ ಬಂದೋಬಸ್ತಿಗೆ ಬೇರೆ ಊರಿಗೆ ಹೋಗಿದ್ದರು. ಎರಡನ್ನೂ ಒಟ್ಟಿಗೆ ತೆಗೆಯಲು ಶೇಷಾದ್ರಿಯವರ ಆದೇಶ ಬೇಕು. ಮಾರನೆಯ ದಿನ ಎರಡನೇ ಶನಿವಾರ. ಅವರ ಮನೆಗೆ ಹೋದೆ. ಬನಿಯನ್ನಿನಲ್ಲಿ ಬಾಗಿಲಿಗೆ ಬಂದರು, ಒಳಗೆ ಕರೆಯಲಿಲ್ಲ.

"ಸೋಮವಾರ ಚರ್ಚಿಸೋಣ."

"ಮಳೆ ಬರೋ ಹಾಗಿದೆ ಸಾರ್."

"ಮಳೆ ನನ್ನ ವ್ಯಾಪ್ತಿಯಲ್ಲಿಲ್ಲ," ಎಂದರು. ಅವರು ಕುಹಕಕ್ಕೆ ಹೇಳಲಿಲ್ಲ, ದಣಿದು ಹೇಳಿದರು. ನನಗೂ ಅಷ್ಟೇ ದಣಿವಾಗಿತ್ತು.

ದೋಣಿಯನ್ನಾದರೂ ಒಳಗಿನ ಧಕ್ಕೆಗೆ ಎಳೆಯಿರಿ ಎಂದು ಬಂದರಿನವರನ್ನು ಕೇಳಿದೆ. ವಿದೇಶಿ ನೌಕೆ ಜಾಗ ಬದಲಿಸಲು ಕಸ್ಟಮ್ಸ್ ಅನುಮತಿ ಬೇಕು ಎಂದರು. ಯಾರ ಅನುಮತಿ? ಶೇಷಾದ್ರಿಯವರದು.

ಶನಿವಾರ, ಭಾನುವಾರ ಅವರಿಬ್ಬರೂ ಆ ಕಪಾಟಿನ ಎದುರು ಕೂತಿದ್ದರು. ಆಕೆ ಒಂದು ಸಲ ಸುತ್ತಿಗೆ ಎತ್ತಿಕೊಂಡರಂತೆ. ಪುಟ್ಟಸ್ವಾಮಿ ಅಡ್ಡ ನಿಂತು, ಎರಡೂ ಮಣಿಕಟ್ಟು ಸೇರಿಸಿ ಬೇಡಿ ಹಾಕಿದ ಹಾಗೆ ತೋರಿಸಿ, ಆಮೇಲೆ ತನ್ನ ಹೊಟ್ಟೆ ಮುಟ್ಟಿ, ನೆಲದಿಂದ ಇಷ್ಟೆತ್ತರ, ಇಷ್ಟೆತ್ತರ ಎಂದು ಮಕ್ಕಳನ್ನು ತೋರಿಸಿದನಂತೆ. ಆಕೆ ಸುತ್ತಿಗೆ ಕೆಳಗಿಟ್ಟರು.

ಸೋಮವಾರ ಬೆಳಿಗ್ಗೆ ನಾನು ಕಚೇರಿಗೆ ಹೋಗುವಷ್ಟರಲ್ಲಿ ಕಂಬದ ಮೇಲೆ ಗುರುತು ಏರಿತ್ತು.

ಹಳೇ ಧಕ್ಕೆಯ ಮೇಲೆ ಅಲೆ ಹಾಯುತ್ತಿತ್ತು; ಟಗ್ಗು ಹೋಗಿ ಇಬ್ಬರನ್ನೂ ಕರೆತಂದಿತು. ಪುಟ್ಟಸ್ವಾಮಿಯ ಮಳೆಕೋಟು ಆಕೆಯ ಮೈಮೇಲಿತ್ತು, ಕೈಯಲ್ಲಿ ಪಾಸ್‌ಪೋರ್ಟಿನ ಚೀಲ. ದೋಣಿಗೆ ಹಗ್ಗ ಕಟ್ಟಲು ಟಗ್ಗಿನವರು ಎರಡು ಸಲ ನೋಡಿದರು. ಮೂರನೆಯ ಸಲ ಅಲೆಗಳ ನಡುವೆ ಹೋಗುವ ಧೈರ್ಯ ಮಾಡಲಿಲ್ಲ, ಅವರನ್ನು ದೂರುವಂತಿಲ್ಲ. ನಾವು ಗೋಡೆಯ ಮೇಲಿನಿಂದ ನೋಡುತ್ತಿದ್ದೆವು. ಶಬ್ದ ಏನೂ ಕೇಳಲಿಲ್ಲ, ಗಾಳಿ ಅಷ್ಟಿತ್ತು. ಹಾಯಿಯ ಕಂಬ ಒಂದು ಕಡೆ ವಾಲಿತು, ಆಮೇಲೆ ಕಾಣಲಿಲ್ಲ. ಹಳದಿ ಬಾವುಟ ಇನ್ನೂ ಹಾರುತ್ತಿತ್ತು ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ತಪಾಸಣೆ ಮುಗಿದ ದಿನವೇ ಆಕೆ ಅದನ್ನು ಇಳಿಸಿ ಮಡಿಸಿಟ್ಟಿದ್ದರು.

ಮಾರನೆಯ ದಿನ ಗೋಡೆಯ ಆಚೆಯ ಮರಳಿನ ಮೇಲೆ ದೋಣಿಯ ಚೂರುಗಳು. ಅವುಗಳ ನಡುವೆ ಕಪಾಟಿನ ಬಾಗಿಲು, ತನ್ನ ಚೌಕಟ್ಟಿನ ಸಮೇತ, ಮುಚ್ಚಿದಂತೆಯೇ ಬಿದ್ದಿತ್ತು. ಹಿಂದೆ ಕಪಾಟಿಲ್ಲ, ಬಾಟಲಿಯಿಲ್ಲ, ಫೋನಿಲ್ಲ. ಮುಂದೆ ತಂತಿ ಬಿಗಿಯಾಗಿತ್ತು, ಎರಡು ಸೀಸದ ಗುಂಡಿಗಳು ಹಾಗೇ ಇದ್ದವು. ಅಭ್ಯಾಸಬಲದಿಂದ ನಾನು ಬಗ್ಗಿ ಎಳೆದು ನೋಡಿದೆ.

ಪುಟ್ಟಸ್ವಾಮಿ ಮರಳಿನಲ್ಲಿ ಮಂಡಿಯೂರಿ ಕೂತಿದ್ದ. ಅವನು ಸೀಲು ನೋಡುತ್ತಿರಲಿಲ್ಲ, ಬಾಗಿಲಿನ ಇನ್ನೊಂದು ಅಂಚು ನೋಡುತ್ತಿದ್ದ.

"ಸಾ. ಇಲ್ನೋಡಿ."

"ಏನೋ?"

"ಇಂಜಸ್ಸು ಸಾ. ಆಚೆ ಕಡೀಕೇ ಅವೆ. ನಾಕು ಸ್ಕ್ರೂ. ಇಷ್ಟ್ ಬಿಚ್ಚಿದ್ರೆ ಬಾಗಿಲೇ ಕೈಗೆ ಬಂದ್ಬುಡದು. ಸೀಲು ಅಂಗೇ ಇರದು."

ನಾವಿಬ್ಬರೂ ಸೇರಿ ಎಷ್ಟು ಹಡಗು ಹತ್ತಿದ್ದೆವೋ. ಎಷ್ಟು ಬಾಗಿಲಿಗೆ ಸೀಲು ಹಾಕಿದ್ದೆವೋ. ಬೀಗದ ಕಡೆಯೇ ನೋಡುವ ಕಣ್ಣು ನಮ್ಮದು. ಹೊರಗಿನವನೊಬ್ಬ, ಒಬ್ಬ ಬಡಗಿ, ಒಬ್ಬ ಕಳ್ಳ, ಮೊದಲು ಬಾಗಿಲು ತಿರುಗುವ ಹಿಂಜಸ್ ನೋಡುತ್ತಿದ್ದ. ಎರಡು ದಿನ ಅದರೆದುರೇ ಕೂತಿದ್ದ ಪುಟ್ಟಸ್ವಾಮಿಗೆ ಹೊಳೆಯಲಿಲ್ಲ, ಎರಡು ದಿನ ಅದನ್ನೇ ಯೋಚಿಸುತ್ತ ಊರೆಲ್ಲ ಓಡಾಡಿದ ನನಗೆ ಹೊಳೆಯಲಿಲ್ಲ.

ಇಲಾಖೆಯಲ್ಲಿ ಓಡಾಡುವ ಕಥೆ ಇಲ್ಲಿಂದ ಹುಟ್ಟಿತು. ಅದರಲ್ಲಿ ನಾವು ಶನಿವಾರವೇ ಹಿಂಜಸ್ ಬಿಚ್ಚುತ್ತೇವೆ, ಕಪ್ಲಿಂಗ್ ಕೂರುತ್ತದೆ, ಬಾಗಿಲನ್ನು ಮತ್ತೆ ಸ್ವಸ್ಥಾನದಲ್ಲಿ ಕೂರಿಸುತ್ತೇವೆ, ಭಾನುವಾರ ಬೆಳಿಗ್ಗೆ ಇಂಗ್ರಿಡ್ ಕೈಬೀಸುತ್ತ ಹೋಗುತ್ತಾರೆ. ಯಾರು ಶುರುಮಾಡಿದರೋ ತಿಳಿಯದು. ನನ್ನ ಬೀಳ್ಕೊಡುಗೆಯಲ್ಲಿ ಒಬ್ಬರು ಇದನ್ನು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಎದ್ದು ನಿಂತು ಇಲ್ಲ, ಹಾಗಾಗಲಿಲ್ಲ, ದೋಣಿ ಒಡೆದುಹೋಯಿತು ಎಂದೆ. ವಿನಯ ಎಂದುಕೊಂಡು ಇನ್ನೂ ಜೋರಾಗಿ ತಟ್ಟಿದರು.

ಪುಟ್ಟಸ್ವಾಮಿ ಈಗ ಇಲವಾಲದಲ್ಲೇ ಇದ್ದಾನೆ. ಮಗಳ ಮನೆ ಬನ್ನಿಮಂಟಪದಲ್ಲಿ. ಅಲ್ಲಿಗೆ ಬಂದಾಗ ನನ್ನ ಮನೆಗೂ ಬರುತ್ತಾನೆ. ನಿನ್ನೆ ಬಂದಿದ್ದ. ಇಲ್ಲಿಯವರೆಗೆ ಬರೆದದ್ದನ್ನು ಅವನಿಗೂ ಚಂದನಾಗೂ ಓದಿ ಹೇಳಿದೆ. ಮುಂದಿನ ಒಂದು ಸಂಗತಿಯ ಬಗ್ಗೆ ನಮ್ಮಿಬ್ಬರಿಗೆ ಯಾವಾಗಲೂ ಜಗಳ.

ನನ್ನ ನೆನಪಿನಲ್ಲಿ, ಆ ದಿನ ಮರಳಿನ ಮೇಲೆ ಇಂಗ್ರಿಡ್ ನಮ್ಮ ಹಿಂದೆಯೇ ನಿಂತಿದ್ದರು. ಪುಟ್ಟಸ್ವಾಮಿಯ ಬೆರಳು ಹಿಂಜಸ್ಸಿನ ಮೇಲಿರುವುದನ್ನು ನೋಡಿ, "ನನಗೆ ಗೊತ್ತಿತ್ತು. ಆ ಬಾಗಿಲು ಕೂರಿಸಿದವಳೇ ನಾನು," ಎಂದರು. ಮತ್ತೆ ಯಾಕೆ ಬಿಚ್ಚಲಿಲ್ಲ ಎಂದು ನಾನು ಕೇಳಿದೆ. "ಅವನು ಮಕ್ಕಳನ್ನು ತೋರಿಸಿದ," ಎಂದರು.

"ಅಂಗೇನೂ ಅನ್ನಲಿಲ್ಲ ಕಣ್ರೀ," ಎಂದ ಪುಟ್ಟಸ್ವಾಮಿ. "ಅವ್ರು ಅಲ್ಲಿ ಇದ್ರು, ನಿಜ. ಬಾಯೇ ಬುಡಲಿಲ್ಲ. ಮೂಗು ಒರೆಸ್ಕಂಡ್ರು ಅಷ್ಟೆ."

"ನೀನು ಇಂಗ್ಲಿಷ್ ಕೇಳಿಸಿಕೊಂಡ್ರೂ ನಿನಗೆ ಅರ್ಥ ಆಗ್ತಿರಲಿಲ್ಲವಲ್ಲೋ."

"ಅರ್ಥ ಆಗದಿದ್ರೂ ಸದ್ದು ಕೇಳಾಕಿಲ್ವಾ? ಸುಮ್ಕಿರಿ ಸಾ. ಗೊತ್ತಿದ್ದೂ ನನಗೋಸ್ಕರ ಮನೆ ಕಳ್ಕಂಡ್ರು ಅಂತ ನೀವು ಬರೆದ್ರೆ, ನಾನು ಎಂಗೆ ಉಣ್ಣದು?"

ಚಂದನಾ ಇಬ್ಬರನ್ನೂ ನೋಡಿದಳು. "ಯಾವುದು ನಿಜ ಅಂಕಲ್?"

"ಗೊತ್ತಿಲ್ಲ ಕಣಮ್ಮ."

"ಸರಿ. ನಾನಾದ್ರೆ ಸೀಲ್ ಹಾಕೋಕೆ ಮುಂಚೆ ಹಿಂದೆ ಏನಿದೆ ಅಂತ ನೋಡ್ತೀನಿ."

"ಮೊದಲ ತಿಂಗಳು ನೋಡ್ತೀಯ," ಎಂದೆ. ಹೇಳಬಾರದಿತ್ತು. ಪುಟ್ಟಸ್ವಾಮಿ ನನ್ನನ್ನು ದುರುಗುಟ್ಟಿ ನೋಡಿದ.

ಉಳಿದದ್ದರ ಬಗ್ಗೆ ಜಗಳವಿಲ್ಲ. ದೋಣಿಯ ಜೊತೆ ಬಂದವರು ದೋಣಿಯ ಜೊತೆಯೇ ಹೋಗಬೇಕು. ಇಲ್ಲವಾದರೆ ಅದನ್ನು ಇಲ್ಲೇ ಮಾರಿದರೆಂದು ಲೆಕ್ಕ. ಇಂಗ್ರಿಡ್ ವಿಮಾನ ಹತ್ತಬೇಕಾದರೆ ದೋಣಿ ಇನ್ನಿಲ್ಲ ಎಂದು ನಾವು ಬರೆದುಕೊಡಬೇಕು. ಹಾಗೆ ಬರೆಯಲು ಫೈಲು ಮುಗಿಯಬೇಕು. ಸೀಲು ಜಾರಿಯಲ್ಲಿರುವವರೆಗೆ ಫೈಲು ಮುಗಿಯುವುದಿಲ್ಲ. ಅಷ್ಟರಲ್ಲಿ ಶೇಷಾದ್ರಿಯವರ ಆದೇಶ ಬಂತು. ಸೋಮವಾರ ನಾವು ಚರ್ಚಿಸಬೇಕಿದ್ದದ್ದು, ಚರ್ಚೆಯಿಲ್ಲದೆಯೇ ಬಂತು. ನಾನು ಅಲ್ಲಿಯವರೆಗೆ ನೋಡಿದ್ದಕ್ಕಿಂತ ದೊಡ್ಡದಾಗಿ ಸಹಿ ಹಾಕಿದ್ದರು. ಎಂಜಿನ್ ದುರಸ್ತಿಗಾಗಿ ಸೀಲುಗಳನ್ನು ತೆರೆಯಲು ಅನುಮತಿಸಲಾಗಿದೆ.

ಬಾಗಿಲನ್ನು ನಮ್ಮ ಗೋದಾಮಿನಲ್ಲಿ ಇಟ್ಟಿದ್ದೆವು. ಪೊಲೀಸ್ ಇನ್‌ಸ್ಪೆಕ್ಟರು ಬಂದೋಬಸ್ತು ಮುಗಿಸಿ ಬಂದಿದ್ದರು. "ಏನ್ ಸಾರ್, ಇದಕ್ಕಾ ಕರೆಸಿದ್ದು?" ಎಂದು ಸುತ್ತ ನೋಡಿದರು. "ಫೋನ್ ಎಲ್ಲಿ?"

"ಸಮುದ್ರದಲ್ಲಿ."

"ಬಳಕೆಯಾಗಿಲ್ಲ ಅಂತ ಬರೆದುಬಿಡಿ ಹಾಗಾದ್ರೆ."

ಬಾಗಿಲನ್ನು ಮಲಗಿಸಿಟ್ಟರೆ ಸೀಲು ಕತ್ತರಿಸಲು ಆಗುತ್ತಿರಲಿಲ್ಲ, ತಂತಿ ಅಡಿಗೆ ಸಿಕ್ಕಿಕೊಳ್ಳುತ್ತಿತ್ತು. ಪುಟ್ಟಸ್ವಾಮಿ ಚೌಕಟ್ಟನ್ನು ಎತ್ತಿ, ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದು ನಿಂತ. ಸೀಲುಗಳು ಸುಸ್ಥಿತಿಯಲ್ಲಿವೆ ಎಂದು ಮೊದಲು ಬರೆಯಬೇಕು, ಬರೆದೆ. ಇಂಗ್ರಿಡ್ ನೋಡಿ ಸಹಿ ಹಾಕಬೇಕು, ಹಾಕಿದರು. ಇಕ್ಕಳದಿಂದ ಪೊಲೀಸರ ತಂತಿ ಕತ್ತರಿಸಿದೆ, ಆಮೇಲೆ ನಮ್ಮದನ್ನು. ಗುಂಡಿಗಳು ಸಿಮೆಂಟಿನ ನೆಲದ ಮೇಲೆ ಬಿದ್ದು ಉರುಳಿದವು.

"ತೆಗೆಯಬಹುದು ಮೇಡಂ," ಎಂದೆ.

ಆಕೆ ಹಿತ್ತಾಳೆಯ ಬಳೆ ಹಿಡಿದು ಎಳೆದರು. ಉಪ್ಪುನೀರಿಗೆ ಮರ ಉಬ್ಬಿತ್ತು, ಇನ್ನೊಮ್ಮೆ ಎಳೆಯಬೇಕಾಯಿತು. ಬಾಗಿಲು ತೆರೆಯಿತು. ಆಚೆ ಪುಟ್ಟಸ್ವಾಮಿಯ ಮುಖ. ಎಲ್ಲಿ ನೋಡಬೇಕೆಂದು ತಿಳಿಯದೆ ಅವನು ಚೌಕಟ್ಟಿನ ಮೇಲಂಚನ್ನು ನೋಡುತ್ತಿದ್ದ. ಆಕೆ ಸ್ವಲ್ಪ ಹೊತ್ತು ಅವನನ್ನು ನೋಡಿದರು.

ಆಮೇಲೆ ಬಾಗಿಲು ಮುಚ್ಚಿದರು. ಚಿಲಕ ತಿರುಗಿಸಿ, ಬಿಗಿಯಾಗಿ ಕೂತಿದೆಯೇ ಎಂದು ಒಂದು ಸಲ ಜಗ್ಗಿ ನೋಡಿದರು. ಅಲೆಯಲ್ಲಿ ಬಡಿದಾಡಬಾರದೆಂದು ದೋಣಿಯವರು ಪ್ರತಿ ಸಲ ಹಾಗೆ ಮಾಡುತ್ತಾರೆ.